ಬ್ಯಾಟರಿ ಸಾಯುವುದು ದುಡಿದಲ್ಲ, ಕೂತು!

ಪೆಟ್ರೋಲ್ ಕಳೆಯಂತ್ರ ಬದಿಗಿಟ್ಟು ಬ್ಯಾಟರಿಯದ್ದು ತರುವ ಯೋಚನೆ ಈಗ ತುಂಬ ಜನರಿಗೆ ಉಂಟು. ಕಾರಣವೂ ಉಂಟು. ಆಯಿಲ್ ಬೆರೆಸುವ ರಗಳೆ, ಹಗ್ಗ ಎಳೆದೆಳೆದು ನೋಯುವ ತೋಳು, ಕಿವಿ ಗಡಚಿಕ್ಕುವ ಸದ್ದು. ಸಾಲದ್ದಕ್ಕೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರಿನಂಶ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಉಳಿದದ್ದು ಕಾರ್ಬುರೇಟರಿಗೆ ಕುತ್ತು.

ಹಾಗಂತ 'ಬ್ಯಾಟರಿಯದ್ದಕ್ಕೆ ನಿಗಾವೇ ಬೇಡ' ಎನ್ನುವ ಅಂಗಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ನಂಬಿ ಎರಡು ಸಲ ಕೆಟ್ಟವನು ನಾನು.

ಮೊದಲನೆಯದು ಬೆನ್ನಿಗೆ ಹಾಕುವ ಸ್ಪ್ರೇಯರ್. ಒಳಗೆ 12 ವೋಲ್ಟಿನ ಸೀಸದ ಬ್ಯಾಟರಿ. ತರಕಾರಿಗೆ ಬಿಟ್ಟಾದ ಮೇಲೆ ಹಾಗೇ ಮೂಲೆಗಿಟ್ಟೆ. ನಾಲ್ಕು ತಿಂಗಳ ನಂತರ ಚಾರ್ಜಿಗಿಟ್ಟರೆ ತಕ್ಷಣ ಹಸಿರು ದೀಪ! ಖುಷಿಯಲ್ಲಿ ತೋಟಕ್ಕೆ ಹೋದೆ. ಐದು ನಿಮಿಷಕ್ಕೆ ನಿಂತಿತು. ಖಾಲಿ ಬಿಟ್ಟ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇದನ್ನು ತುಂಬಿಸಿಯೇ ಇಡಬೇಕು, ಕೆಲಸವಿಲ್ಲದಿದ್ದರೂ ಒಂದೆರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು.

ಪಾಠ ಕಲಿತೆ ಅಂತ ಹೊಸ ಕಳೆಯಂತ್ರದ ಲಿಥಿಯಂ ಬ್ಯಾಟರಿಯನ್ನೂ ತುಂಬಿಸಿ ಇಟ್ಟೆ. ಅದೂ ಬೇಸಗೆಯಲ್ಲಿ, ಶೀಟಿನ ಮಾಡಿನಡಿ. ಮರುವರ್ಷ ಅದರ ತ್ರಾಣ ಇಳಿದಿತ್ತು. ನೋಡಿ, ಇದರ ಸ್ವಭಾವವೇ ಬೇರೆ. ಹೊಟ್ಟೆ ತುಂಬಿ ಸೆಕೆಯಲ್ಲಿ ಕೂತರೂ ಕೆಡುತ್ತದೆ, ಪೂರ್ತಿ ಖಾಲಿಯಾಗಿ ಕೂತರೂ ಕೆಡುತ್ತದೆ. ನಾಲ್ಕು ದೀಪದಲ್ಲಿ ಎರಡು ಉರಿಯುವಷ್ಟು ಇಟ್ಟು, ಯಂತ್ರದಿಂದ ಕಳಚಿ, ತಂಪಾದ ಒಣ ಜಾಗದಲ್ಲಿಡುವುದು. ಕೆಲಸ ಮಾಡಿ ಬಿಸಿಯಾದದ್ದನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕುವುದು. ಅಂಗಡಿಯವರು ಇದೊಂದು ಮಾತನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಇನ್ನೊಂದು, ಬೆರಳಿನ ವಿಷಯ. ಪೆಟ್ರೋಲ್ ಯಂತ್ರದ ಸದ್ದು ನಿಂತರೆ ಎಂಜಿನ್ ನಿಂತಿತು ಅಂತ ನಮಗೆ ರೂಢಿ. ಬ್ಯಾಟರಿಯದ್ದು ಸದ್ದಿಲ್ಲದಿದ್ದರೂ ಜೀವಂತ. ಸುತ್ತಿಕೊಂಡ ಹುಲ್ಲು ಬಿಡಿಸುವಾಗ ಕೈ ತಪ್ಪಿ ಗುಂಡಿ ಒತ್ತಿದರೆ ಮುಗಿಯಿತು. ಅಲಗಿಗೆ ಕೈ ಹಾಕುವ ಮೊದಲು ಬ್ಯಾಟರಿ ಕಳಚಲೇಬೇಕು. ಮನೆಯ ಹುಡುಗರಿಗೂ ಹೇಳಿಕೊಡಿ. ಹೊಳೆಬದಿಗೆ ಒಯ್ದು ನೀರು ಹೊಡೆದು ತೊಳೆಯುವ ಅಭ್ಯಾಸವನ್ನೂ ಬಿಡಬೇಕು. ಒಣಬಟ್ಟೆ ಸಾಕು.

ಕೊಳ್ಳುವ ಮೊದಲು ಒಂದು ಗುಣಾಕಾರ ಮಾಡಿ. 36 ವೋಲ್ಟ್, 4 ಆಂಪಿಯರ್-ಅವರ್ ಎಂದರೆ 144 ವಾಟ್-ಅವರ್. ಮೋಟಾರು 500 ವಾಟ್ ಎಳೆದರೆ ಹೆಚ್ಚೆಂದರೆ 17 ನಿಮಿಷ! ತೆಳು ಹುಲ್ಲಿಗೆ ಇನ್ನಷ್ಟು ಬಂದೀತು. ಆದರೂ ಎರಡನೇ ಬ್ಯಾಟರಿ ಇಲ್ಲದೆ ಎಕರೆಯ ಆಸೆ ಬೇಡ. ಅದು ಬಿಡಿಯಾಗಿ ಸಿಗುತ್ತದಾ, ಎಷ್ಟು ರೂಪಾಯಿ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಒಂದು ಕಂಪೆನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರದ್ದಕ್ಕೆ ಕೂರುವುದಿಲ್ಲ.

ಮನೆಯ ಸುತ್ತ, ತೋಟದ ಎಳೆಹುಲ್ಲಿಗೆ ನನಗೀಗ ಬ್ಯಾಟರಿಯದ್ದೇ. ಪೆಟ್ರೋಲ್ ಯಂತ್ರ ಮಾರಿಲ್ಲ, ಗುಡ್ಡೆಯ ಬಲ್ಲೆಗೆ ಅದೇ ಬೇಕು. ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿದ್ದದ್ದು ಉರಿದು ತಾನಾಗಿ ನಿಲ್ಲುವ ತನಕ ಓಡಿಸಿ ಇಡುತ್ತೇನೆ.