ಮಾತ್ರೆ ಎಸೆಯಿರಿ ಎನ್ನುವವರೇ, ಇದಕ್ಕೆ ಉತ್ತರಿಸಿ: ವಸ್‌ವಾಸ್, ಗೀಳು ರೋಗ ಮತ್ತು ತವಕ್ಕುಲ್

ಭದ್ರಾವತಿಯಲ್ಲಿರುವ ನನ್ನ ಚಾಚಾರವರ ಮನೆಯಲ್ಲಿ ಫಜ್ರ್ ನಮಾಝಿಗೆಂದು ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅವರ ಮಗಳು. ಆದರೆ ಸೂರ್ಯ ಮೂಡಿದರೂ ಅವಳ ವುಝೂ ಮುಗಿಯುತ್ತಿರಲಿಲ್ಲ. ಮೊಣಕೈವರೆಗೆ ತೊಳೆದಾದ ಮೇಲೆ ಕೂದಲೆಳೆಯಷ್ಟು ಜಾಗ ಒಣಗಿ ಉಳಿಯಿತೇನೋ ಎಂಬ ಸಂಶಯ ಬರುತ್ತಿತ್ತು. ಮತ್ತೆ ಮೊದಲಿನಿಂದ ಆರಂಭ. ಅಂಗೈ ಬಿರಿದು ರಕ್ತ ಜಿನುಗಿದರೂ ನಲ್ಲಿ ನಿಲ್ಲುತ್ತಿರಲಿಲ್ಲ. ನಮಾಝಿಗೆ ನಿಂತರೆ ನಿಯ್ಯತ್ ಸರಿಯಾಯಿತೇ ಎಂಬ ಅನುಮಾನದಲ್ಲಿ ತಕ್ಬೀರನ್ನು ಹತ್ತಾರು ಬಾರಿ ಹೇಳಿ ಕೊನೆಗೆ ಮುಸಲ್ಲಾದ ಮೇಲೆಯೇ ಕುಸಿದು ಅಳುತ್ತಿದ್ದಳು.

ಶಿವಮೊಗ್ಗದ ಮನೋವೈದ್ಯರೊಬ್ಬರು ಇದನ್ನು ಗೀಳು ರೋಗ, ಅಂದರೆ ಒಸಿಡಿ, ಎಂದು ಗುರುತಿಸಿ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ತಪ್ಪದೆ ಸೇವಿಸಿದ ಬಳಿಕ ಅವಳು ಹೊತ್ತಿಗೆ ಸರಿಯಾಗಿ, ಒಂದೇ ವುಝೂವಿನಲ್ಲಿ, ತಾಯಿಯ ಪಕ್ಕದಲ್ಲಿ ನಿಂತು ನಮಾಝ್ ನಿರ್ವಹಿಸತೊಡಗಿದಳು. ಆ ಮನೆಯಲ್ಲಿ ಅಂದು ಸುರಿದ ಆನಂದಬಾಷ್ಪವನ್ನು ನಾನು ಕಂಡಿದ್ದೇನೆ.

ಆನಂತರ ಕುಟುಂಬದ ಕೂಟವೊಂದರಲ್ಲಿ ಪ್ರವಚನಕ್ಕೆ ಬಂದವರೊಬ್ಬರ ಕಿವಿಗೆ ಈ ವಿಷಯ ಬಿತ್ತು. ಅವರ ಹೆಸರು ಇಲ್ಲಿ ಬೇಡ. ಇದು ಶೈತಾನನ ಕೆಲಸ, ಮಾತ್ರೆ ನುಂಗುವುದು ಈಮಾನಿನ ದೌರ್ಬಲ್ಯ, ಅಲ್ಲಾಹನ ಮೇಲೆ ಭರವಸೆಯಿಟ್ಟು ಮಾತ್ರೆ ಎಸೆಯಬೇಕು ಎಂದು ಅವರು ತೀರ್ಪಿತ್ತರು. ಅಂದು ರಾತ್ರಿಯೇ ಮಾತ್ರೆಗಳು ಕಸದ ಬುಟ್ಟಿ ಸೇರಿದವು. ಕೆಲವೇ ದಿನಗಳಲ್ಲಿ ತಲೆಸುತ್ತು, ನಿದ್ರಾಹೀನತೆ, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಆರಂಭವಾದವು. ಎರಡು ತಿಂಗಳೊಳಗೆ ಮತ್ತೆ ಅದೇ ನಲ್ಲಿ, ಅದೇ ಅಳು. ಈ ಬಾರಿ ಇನ್ನೊಂದು ಮಾತೂ ಸೇರಿತ್ತು: "ಅಮ್ಮೀ, ನನಗೆ ಈ ಬದುಕು ಸಾಕು."

ಆಕೆಯ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಧರ್ಮದ ಹೆಸರಿನಲ್ಲಿ ಮಾತ್ರೆ ಎಸೆಯಲು ಹೇಳುವವರೊಡನೆ ನನಗೆ ವಾದವಿದೆ. ಆ ವಾದವನ್ನು ಧರ್ಮದ ನೆಲೆಯಲ್ಲಿಯೇ ಮಂಡಿಸುತ್ತೇನೆ.

ವಸ್‌ವಾಸ್ ಶೈತಾನನಿಂದ ಬರುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮಾಝಿನಲ್ಲಿ ತನ್ನನ್ನು ಗೊಂದಲಕ್ಕೀಡುಮಾಡುವ ಶೈತಾನನ ಕುರಿತು ಉಸ್ಮಾನ್ ಬಿನ್ ಅಬುಲ್ ಆಸ್(ರ) ದೂರಿಕೊಂಡಾಗ, ಅವನಿಂದ ಅಲ್ಲಾಹನ ಅಭಯ ಯಾಚಿಸುವಂತೆ ಪ್ರವಾದಿ(ಸ) ಕಲಿಸಿಕೊಟ್ಟರು. ಅವರು ಹಾಗೆಯೇ ಮಾಡಿದರು, ಅದು ದೂರವಾಯಿತು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ವರದಿಯೇ ಮಾತ್ರೆ ವಿರೋಧಿಗಳ ಮುಖ್ಯ ಆಧಾರ. ಆದರೆ ವರ್ಷಗಟ್ಟಲೆ ಅಭಯ ಯಾಚಿಸಿಯೂ, ವಿಧಿಯನ್ನು ಬಾಯಿಪಾಠ ಮಾಡಿಕೊಂಡೂ ಕೈ ನಿಲ್ಲಿಸಲಾಗದವರ ಗತಿಯೇನು? ವುಝೂ ಮುರಿಯಿತೇ ಎಂಬ ಅನುಮಾನ ಬಂದರೆ, ಶಬ್ದ ಕೇಳುವ ಅಥವಾ ವಾಸನೆ ತಿಳಿಯುವ ತನಕ ನಮಾಝ್ ಬಿಟ್ಟು ಹೋಗಬಾರದೆಂದು ಪ್ರವಾದಿ(ಸ) ಆದೇಶಿಸಿದ್ದಾರೆ. ನನ್ನ ಚಾಚಾರವರ ಮಗಳಿಗೆ ಈ ಹದೀಸ್ ನಮಗಿಂತ ಚೆನ್ನಾಗಿ ಗೊತ್ತು. ತಿಳಿವಳಿಕೆ ಇದೆ, ಭಕ್ತಿ ಇದೆ, ನಿಲ್ಲಿಸಬೇಕೆಂಬ ಹಂಬಲವೂ ಇದೆ. ಆದರೂ ಮಿದುಳು 'ಸಾಕು' ಎಂಬ ಸಂಕೇತವನ್ನು ಕೊಡುತ್ತಿಲ್ಲ. ಇದಕ್ಕೆ ರೋಗವೆನ್ನದೆ ಬೇರೇನೆನ್ನಬೇಕು?

ಇದು ಈಮಾನಿನ ದೌರ್ಬಲ್ಯವೆಂದು ಹೇಳುವವರು ಇನ್ನೊಂದು ಹದೀಸನ್ನು ನೆನಪಿಸಿಕೊಳ್ಳಲಿ. ಬಾಯಿಬಿಟ್ಟು ಹೇಳಲೂ ಅಂಜುವಂತಹ ಆಲೋಚನೆಗಳು ಮನಸ್ಸಿಗೆ ಬರುತ್ತವೆಂದು ಕೆಲವು ಸಹಾಬಿಗಳು ದೂರಿಕೊಂಡಾಗ ಪ್ರವಾದಿ(ಸ) ಅವರನ್ನು ಗದರಲಿಲ್ಲ. ಆ ಅಂಜಿಕೆಯೇ ಸ್ಪಷ್ಟವಾದ ಈಮಾನ್ ಎಂದು ಸಾಂತ್ವನ ಹೇಳಿದರು. ಗೀಳು ರೋಗಿಗಳಲ್ಲಿ ಅನೇಕರನ್ನು ಕಾಡುವುದು ಇಂತಹ ಆಲೋಚನೆಗಳೇ. ಪ್ರವಾದಿ(ಸ) ಸಾಂತ್ವನ ಹೇಳಿದ ಕಡೆ ನಾವು ಆರೋಪ ಹೊರಿಸುವುದು ಯಾವ ಸುನ್ನತ್?

ಇದನ್ನು ರೋಗವೆಂದು ಕಂಡದ್ದು ಇಂದಿನ ಪಾಶ್ಚಾತ್ಯ ವೈದ್ಯರೇ ಮೊದಲು ಎಂಬುದೂ ತಪ್ಪು ಕಲ್ಪನೆ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿ, ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯದ ಕುರಿತು ಬರೆದ ತಮ್ಮ ಗ್ರಂಥದಲ್ಲಿ ವಸ್‌ವಾಸಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಅದನ್ನು ದುಃಖ, ಭಯ, ಕೋಪಗಳಿಂದ ಪ್ರತ್ಯೇಕಿಸಿ ಅದಕ್ಕೆ ಪರಿಹಾರವನ್ನೂ ಚರ್ಚಿಸಿದ್ದಾರೆ. ಬಗ್ದಾದಿನ ಇಬ್ನುಲ್ ಜೌಝಿ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಎಷ್ಟು ಬಾರಿ ನೀರಿನಲ್ಲಿ ಮುಳುಗಿದರೂ ಸ್ನಾನವಾಯಿತೇ ಎಂದು ಸಂಶಯಪಡುವ ಒಬ್ಬನಿಗೆ ವಿದ್ವಾಂಸ ಇಬ್ನ್ ಅಕೀಲ್, ನಿನ್ನ ಮೇಲೆ ನಮಾಝ್ ಕಡ್ಡಾಯವೇ ಅಲ್ಲ, ಬುದ್ಧಿ ಸ್ವಸ್ಥವಲ್ಲದವರಿಂದ ಲೇಖನಿಯನ್ನು ಎತ್ತಲಾಗಿದೆ ಎಂದರಂತೆ. ಮಾತು ಕಟುವಾಗಿದೆ. ಆದರೆ ಒಂಬೈನೂರು ವರ್ಷಗಳ ಹಿಂದಿನ ಆ ವಿದ್ವಾಂಸರಿಗೆ ಇದೊಂದು ಅಸ್ವಾಸ್ಥ್ಯವೆಂಬ ಅರಿವಿತ್ತು. ನಮ್ಮ ಇಂದಿನ ಕೆಲವು ಪ್ರವಚನಕಾರರಿಗೆ ಅಷ್ಟೂ ಇಲ್ಲ.

ಇನ್ನು ತವಕ್ಕುಲ್. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದರು. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪಡೆಯಿರೆಂದೇ ಹೇಳಿದರು. ಮುಪ್ಪಿನ ಹೊರತು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲವೆಂದೂ ತಿಳಿಸಿದರು. ಭದ್ರಾವತಿ ಕಬ್ಬಿಣದ ಕುಲುಮೆಯ ಊರು. ವಿಐಎಸ್‌ಎಲ್‌ನಲ್ಲಿ ದುಡಿದ ನಮ್ಮ ಹಿರಿಯರಲ್ಲಿ ಯಾರಾದರೂ ಕೈಗವಸು, ಹೆಲ್ಮೆಟ್ಟುಗಳನ್ನು ಕಳಚಿಟ್ಟು 'ನನಗೆ ತವಕ್ಕುಲ್ ಸಾಕು' ಎಂದು ಕುಲುಮೆಯ ಮುಂದೆ ನಿಂತದ್ದುಂಟೇ? ಸಕ್ಕರೆ ಕಾಯಿಲೆಯ ಇನ್ಸುಲಿನ್ ಅನ್ನು ಯಾವ ಮೌಲಾನಾ ಎಸೆಯಲು ಹೇಳುತ್ತಾರೆ? ಮೇದೋಜೀರಕ ಗ್ರಂಥಿಗೆ ಕೊಡುವ ವಿನಾಯಿತಿಯನ್ನು ಮಿದುಳಿಗೆ ನಿರಾಕರಿಸಲು ಕುರ್‌ಆನ್ ಮತ್ತು ಸುನ್ನತಿನಲ್ಲಿ ಆಧಾರವೇನಿದೆ? ದೇಹವು ಅಲ್ಲಾಹನ ಅಮಾನತ್ತಾದರೆ ಮಿದುಳು ಆ ಅಮಾನತ್ತಿನ ಹೊರಗಿದೆಯೇ?

ಆದರೆ ಮಾತ್ರೆ ಸೇವಿಸಿರಿ ಎಂದಷ್ಟೇ ಹೇಳಿ ಮುಗಿಸಿದರೆ ಅದೂ ಅರ್ಧ ಸತ್ಯವಾದೀತು. ಅಮಾನತ್ತನ್ನು ಕಾಯುವುದೆಂದರೆ ಮದ್ದನ್ನು ಕ್ರಮವರಿತು ಸೇವಿಸುವುದೂ ಹೌದು.

ಈ ರೋಗಕ್ಕೆ ಸಾಮಾನ್ಯವಾಗಿ ಬರೆಯುವ ಫ್ಲುಓಕ್ಸೆಟಿನ್, ಸರ್ಟ್ರಾಲಿನ್, ಫ್ಲುವೋಕ್ಸಮಿನ್, ಎಸಿಟಲೋಪ್ರಾಂ ಮುಂತಾದವು ಮಿದುಳಿನ ಸೆರಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಇವು ನಶೆ ತರುವುದಿಲ್ಲ, ಚಟವನ್ನೂ ಹಿಡಿಸುವುದಿಲ್ಲ. ಆದರೆ ಇವುಗಳ ಪರಿಣಾಮ ನಿಧಾನ. ಒಂದು ಮದ್ದು ನಾಟಿತೇ ಇಲ್ಲವೇ ಎಂದು ತೀರ್ಮಾನಿಸಲು ಸರಿಯಾದ ಪ್ರಮಾಣದಲ್ಲಿ ಸುಮಾರು 12 ವಾರ ಬೇಕು. ಎರಡು ವಾರಕ್ಕೇ ಪ್ರಯೋಜನವಿಲ್ಲವೆಂದು ಬಿಡುವವರು ಮದ್ದನ್ನು ಪರೀಕ್ಷಿಸಿಯೇ ಇಲ್ಲ. ಗೀಳು ರೋಗಕ್ಕೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು. ಆದ್ದರಿಂದ ನೆರೆಮನೆಯವರ ಚೀಟಿ ನಿಮ್ಮ ಚೀಟಿಯಲ್ಲ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ತಾವೇ ತಂದು ನುಂಗುವವರೂ ಮಾತ್ರೆ ಎಸೆಯುವವರಷ್ಟೇ ತಪ್ಪು ಮಾಡುತ್ತಿದ್ದಾರೆ.

ಆರಂಭದಲ್ಲಿ ವಾಕರಿಕೆ, ಹೊಟ್ಟೆ ಕೆಡುವುದು, ನಿದ್ರೆಯ ಏರುಪೇರು, ಚಡಪಡಿಕೆ ಬರಬಹುದು. ಹೆಚ್ಚಿನವರಲ್ಲಿ ಇವು ಕೆಲವು ವಾರಗಳಲ್ಲಿ ತಗ್ಗುತ್ತವೆ. ದಾಂಪತ್ಯ ಜೀವನಕ್ಕೆ ಸಂಬಂಧಿಸಿದ ತೊಂದರೆಗಳೂ ಬರಬಹುದು. ನಾಚಿಕೆಯಿಂದ ಇದನ್ನು ಮುಚ್ಚಿಟ್ಟು ಗುಟ್ಟಾಗಿ ಮಾತ್ರೆ ಬಿಡುವವರು ಅನೇಕರು. ವೈದ್ಯರಿಗೆ ಹೇಳಿದರೆ ಮಾರ್ಗವಿದೆ. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗ ಸಾವಿನ ಆಲೋಚನೆಗಳು ಮೂಡುತ್ತಿವೆಯೇ ಎಂದು ಮನೆಯವರು ಗಮನಿಸುತ್ತಿರಬೇಕು. ಕ್ಲೋಮಿಪ್ರಮಿನ್ ಎಂಬ ಹಳೆಯ ಮದ್ದನ್ನು ಕೊಡುವಾಗ ವೈದ್ಯರು ಇಸಿಜಿ ಮಾಡಿಸಲು ಹೇಳಬಹುದು, ಅದನ್ನು ತಪ್ಪಿಸಬಾರದು. ಟ್ರಮಡಾಲ್‌ನಂತಹ ನೋವಿನ ಮಾತ್ರೆ, ರಕ್ತ ತೆಳುಗೊಳಿಸುವ ಮದ್ದು, ಯುನಾನಿ ಅಥವಾ ನಾಟಿ ಔಷಧ ಏನನ್ನೇ ಸೇವಿಸುತ್ತಿದ್ದರೂ ವೈದ್ಯರಿಗೆ ತಿಳಿಸಬೇಕು. ಒಂದು ಹೊತ್ತಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬಾರದು.

ಗುಣ ಕಂಡ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮದ್ದನ್ನು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವ ಹೊತ್ತು ಬಂದಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇನೆ. ಗರ್ಭಿಣಿಯರೂ ಹೆದರಿ ತಾವಾಗಿಯೇ ನಿಲ್ಲಿಸದೆ ತಕ್ಷಣ ವೈದ್ಯರನ್ನು ಕಾಣಬೇಕು.

ರಮಝಾನಿನಲ್ಲಿ ಬಹಳಷ್ಟು ಮಂದಿ ಮಾತ್ರೆ ಬಿಡುತ್ತಾರೆ. ಇವುಗಳಲ್ಲಿ ಹೆಚ್ಚಿನವನ್ನು ದಿನಕ್ಕೊಮ್ಮೆ ಸೇವಿಸಿದರೆ ಸಾಕು; ಸಹ್ರಿಗೋ ಇಫ್ತಾರಿಗೋ ಹೊಂದಿಸಬಹುದು. ತಿಂಗಳ ಮುಂಚೆಯೇ ವೈದ್ಯರನ್ನು ಕೇಳಿ ಸಮಯ ಬದಲಿಸಿಕೊಳ್ಳಿ. ಉಪವಾಸ ಹಾನಿಕರವೆಂದು ವೈದ್ಯರು ಹೇಳಿದರೆ, ರೋಗಿಗಳಿಗೆ ಬೇರೆ ದಿನಗಳಲ್ಲಿ ಪೂರೈಸುವ ಅನುಮತಿಯನ್ನು ಅಲ್ಲಾಹನೇ ಅಲ್ ಬಕರ ಅಧ್ಯಾಯದಲ್ಲಿ ಕೊಟ್ಟಿದ್ದಾನೆ. ಕ್ಯಾಪ್ಸೂಲಿನ ಜೆಲಾಟಿನ್ ಬಗ್ಗೆ ಸಂಶಯವಿದ್ದರೆ ಮಾತ್ರೆಯ ರೂಪದಲ್ಲಿ ಕೊಡುವಂತೆ ಕೇಳಿ. ಸಿಗದಿದ್ದರೆ ನಂಬಿಕಸ್ಥ ವಿದ್ವಾಂಸರೊಬ್ಬರನ್ನು ಒಮ್ಮೆ ಕೇಳಿ ಅವರ ಮಾತಿನಂತೆ ನಡೆಯಿರಿ. ಅದಕ್ಕಾಗಿ ಮದ್ದು ನಿಲ್ಲಿಸಿ ಕೂರಬೇಡಿ.

ಒಮ್ಮೆ ಎಂದು ಒತ್ತಿ ಹೇಳಲು ಕಾರಣವಿದೆ. ಇಮಾಮರೇ, ಇದು ನಿಮಗೆ ವಿನಂತಿ. ಗೀಳು ರೋಗಿ ನಿಮ್ಮಲ್ಲಿಗೆ ಬಂದು ಒಂದೇ ಮಸ್‌ಅಲಾವನ್ನು ಇಪ್ಪತ್ತು ಬಾರಿ ಕೇಳುತ್ತಾನೆ. ನೀವು ಕರುಣೆಯಿಂದ ಇಪ್ಪತ್ತು ಬಾರಿಯೂ ಉತ್ತರಿಸುತ್ತೀರಿ. ಪ್ರತಿ ಉತ್ತರವೂ ಅವನಿಗೆ ಅರೆಗಳಿಗೆಯ ಸಮಾಧಾನ ಕೊಟ್ಟು ಇಪ್ಪತ್ತೊಂದನೆಯ ಪ್ರಶ್ನೆಗೆ ದಾರಿಮಾಡುತ್ತದೆ. ಮದ್ದಿನ ಜೊತೆಗೆ ಮನಶ್ಶಾಸ್ತ್ರಜ್ಞರು ಕೊಡುವ ತರಬೇತಿಯ ತಿರುಳೂ ಇದೇ: ಸಂಶಯವನ್ನು ಎದುರಿಸುವುದು, ಆದರೆ ಮತ್ತೆ ತೊಳೆಯದಿರುವುದು, ಮತ್ತೆ ಕೇಳದಿರುವುದು. ನಿಮ್ಮ ಫತ್ವಾ ಆ ತರಬೇತಿಗೆ ಬೆಂಬಲವಾಗಬಲ್ಲದು. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ಅಷ್ಟು ನೀರು, ಮೂರು ಬಾರಿ, ಅಲ್ಲಿಗೆ ಮುಗಿಯಿತು. ಅನುಮಾನವಿದ್ದರೂ ನಿಮ್ಮ ನಮಾಝ್ ಸಿಂಧು ಎಂದು ಒಮ್ಮೆ ದೃಢವಾಗಿ ಹೇಳಿ, ಮತ್ತೆ ಕೇಳಿದರೆ ಉತ್ತರಿಸುವುದಿಲ್ಲವೆಂದು ಪ್ರೀತಿಯಿಂದ ತಿಳಿಸಿ, ವೈದ್ಯರಲ್ಲಿಗೆ ಕಳುಹಿಸಿ. ದುಆ, ದಿಕ್ರ್, ಕುರ್‌ಆನ್ ಪಾರಾಯಣ ಮದ್ದಿನ ಜೊತೆಗಿರಲಿ. ಇವೆರಡರ ನಡುವೆ ಜಗಳ ಹಚ್ಚುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ.

ವೈದ್ಯರೆಲ್ಲಿದ್ದಾರೆ ಎಂಬ ನೆಪಕ್ಕೂ ನಮ್ಮ ಜಿಲ್ಲೆಯಲ್ಲಿ ಜಾಗವಿಲ್ಲ. ಮನೋರೋಗಗಳ ಕುರಿತು ಜನರಲ್ಲಿ ಅರಿವು ಮೂಡಿಸಲು ಚಲನಚಿತ್ರಗಳನ್ನೂ ಬಳಸಿಕೊಂಡ ಡಾ. ಅಶೋಕ್ ಪೈಯವರು ದಶಕಗಳ ಕಾಲ ಸೇವೆ ಸಲ್ಲಿಸಿದ ನಗರ ಶಿವಮೊಗ್ಗ. ಮೆಗ್ಗಾನ್ ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಭದ್ರಾವತಿಯಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸರ್ಕಾರಿ ಸೇವೆಯಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಮದುವೆ, ಜನಾಝಾಗಳ ಪ್ರಕಟಣೆ ಅಂಟಿಸುವ ಮಸೀದಿಯ ಫಲಕದಲ್ಲಿ ಆ ಐದು ಅಂಕೆಗಳಿಗೆ ಜಾಗವಿಲ್ಲವೇ?

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾವಿರ ವಯಸ್ಕರಲ್ಲಿ ಏಳೆಂಟು ಮಂದಿಗೆ ಈ ರೋಗವಿದೆ. ಜುಮಾದ ದಿನ ಸಾವಿರ ಮಂದಿ ಸಾಲುಗಟ್ಟಿ ನಿಂತ ಮಸೀದಿಯಲ್ಲಿ ಅಂಥವರು ಏಳೆಂಟು ಮಂದಿ ಇರಬಹುದು. ಮಿಂಬರಿನಿಂದ ಬರುವ ಒಂದು ವಾಕ್ಯ ಅವರ ಕೈಯಿಂದ ಮಾತ್ರೆಯನ್ನು ಕಸಿಯಬಲ್ಲದು, ಮರಳಿ ಕೊಡಲೂಬಲ್ಲದು. ಯಾವ ವಾಕ್ಯ ನುಡಿದಿರಿ ಎಂಬುದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದೀತು.

ನನ್ನ ಚಾಚಾರವರ ಮಗಳು ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾಳೆ. ಮೊದಲು ಮೂರು ತಿಂಗಳಲ್ಲಿ ಬಂದ ಗುಣ ಈ ಬಾರಿ ಬರಲು ಎಂಟು ತಿಂಗಳು ಹಿಡಿಯಿತು. ಇಶಾ ನಮಾಝ್ ಮುಗಿಸಿ ಬಿಸ್ಮಿಲ್ಲಾಹ್ ಎಂದು ಮಾತ್ರೆ ನುಂಗುತ್ತಾಳೆ. ಅಲ್ಲಾಹನು ಆಕೆಗೂ ಇಂತಹ ಎಲ್ಲ ರೋಗಿಗಳಿಗೂ ಪೂರ್ಣ ಶಿಫಾ ದಯಪಾಲಿಸಲಿ. ಅರಿಯದ ವಿಷಯದಲ್ಲಿ ತೀರ್ಪು ಕೊಡುವ ದುಸ್ಸಾಹಸದಿಂದ ನಮ್ಮ ನಾಲಗೆಗಳನ್ನು ಕಾಪಾಡಲಿ. ಆಮೀನ್.