ನೂಲೂ ಉಳಿಯಲಿ, ನೀರೂ ಉಳಿಯಲಿ

ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ರಾಜ್ಯದಲ್ಲಿ ರೇಷ್ಮೆಗೆ ಹೆಸರಾದ ಸೀಮೆ ಇದೇ. ಇಂದಿಗೂ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಹಿಪ್ಪುನೇರಳೆ, ಹುಳು, ನೂಲು, ಮಗ್ಗಗಳನ್ನೇ ನೆಚ್ಚಿ ಬದುಕುವ ಕುಟುಂಬಗಳುಂಟು. ಆದುದರಿಂದ ಉದ್ಯಮ ಮೊದಲೋ, ಪರಿಸರ ಮೊದಲೋ ಎಂಬ ಚರ್ಚೆ ನಮ್ಮಲ್ಲಿ ಅನ್ನದ ಪ್ರಶ್ನೆಯೇ ಆಗಿಬಿಡುತ್ತದೆ.

ನೂಲು ಬಿಚ್ಚಬೇಕಾದರೆ ಗೂಡನ್ನು ಕುದಿನೀರಿನಲ್ಲಿ ಬೇಯಿಸಬೇಕು. ಸೌದೆಯ ಒಲೆಯಾದರೆ ಅದರ ಹೊಗೆಯನ್ನು ದಿನವಿಡೀ ಕುಡಿಯುವವರು ಒಲೆಯ ಮುಂದೆ ದುಡಿಯುವ ಕೂಲಿಯವರು. ಗೂಡಿನ ಅಂಟೂ ಸತ್ತ ಹುಳುವಿನ ಕಶ್ಮಲವೂ ಬೆರೆತ ನೀರು ಚರಂಡಿಗೆ ಹರಿದರೆ ಕೊಳೆತು ನಾರುತ್ತದೆ. ಕೆರೆಗೆ ಸೇರಿದರೆ ಕೆರೆಯನ್ನೂ ಕೆಡಿಸುತ್ತದೆ. ಸೀರೆಯ ಬೆಲೆಯಲ್ಲಿ ಸೇರದ ಈ ವೆಚ್ಚವನ್ನು ಬಡವರು ತಮ್ಮ ಉಸಿರಿನಿಂದ ತೆರುತ್ತಿದ್ದಾರೆ.

ಕಾನೂನು ಇಲ್ಲವೆಂದಲ್ಲ. ಜಲಮಾಲಿನ್ಯ ತಡೆ ಕಾಯಿದೆ 1974ರಲ್ಲಿಯೂ ವಾಯುಮಾಲಿನ್ಯ ತಡೆ ಕಾಯಿದೆ 1981ರಲ್ಲಿಯೂ ಬಂದವು. ಮಲಿನಗೊಳಿಸಿದವನೇ ಅದರ ವೆಚ್ಚ ಭರಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಹೇಳಿತು. ನ್ಯಾಯವಾದ ಮಾತು. ಆದರೆ ಮನೆಯಂಗಳದ ಬಿಚ್ಚಾಣಿಕೆದಾರನನ್ನೂ ದೊಡ್ಡ ಕಾರ್ಖಾನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ದೊಡ್ಡವನು ಯಂತ್ರ ಕೊಂಡು ಉಳಿಯುತ್ತಾನೆ, ಚಿಕ್ಕವನು ಬಾಗಿಲು ಮುಚ್ಚುತ್ತಾನೆ. ಸೂರತ್ತಿನಲ್ಲಿ 2019ರಲ್ಲಿ ಕಾರ್ಖಾನೆಗಳ ಒಟ್ಟು ಹೊಗೆಗೆ ಮಿತಿ ಕಟ್ಟಿ, ಆ ಮಿತಿಯೊಳಗಿನ ಪರವಾನಗಿಗಳನ್ನು ತಮ್ಮೊಳಗೇ ಕೊಳ್ಳುವ, ಮಾರುವ ಅವಕಾಶ ನೀಡಿದಾಗ ಮಾಲಿನ್ಯವು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಅಲ್ಲಿನ ಚಿಮಣಿಗಳಿಗೆ ಅಳತೆಯ ಉಪಕರಣಗಳಿದ್ದವು. ಮನೆಯೊಲೆಗೆ ಬೇರೆಯೇ ಉಪಾಯ ಬೇಕು.

ಅಂಥ ಉಪಾಯಗಳು ಇಲ್ಲದಿಲ್ಲ. 1990ರ ದಶಕದಲ್ಲಿ ಟಾಟಾ ಇಂಧನ ಸಂಶೋಧನಾ ಸಂಸ್ಥೆಯವರು ಕರ್ನಾಟಕದ ಬಿಚ್ಚಾಣಿಕೆ ಘಟಕಗಳಿಗಾಗಿ ಸೌದೆಯನ್ನು ಅನಿಲವಾಗಿಸಿ ಉರಿಸುವ ಒಲೆಯನ್ನು ರೂಪಿಸಿದರು. ಹೊಗೆಯೂ ತಗ್ಗಿತು, ಸೌದೆಯೂ ಉಳಿಯಿತು. ಸತ್ತ ಹುಳುವಿನಿಂದ ಎಣ್ಣೆ ತೆಗೆಯಬಹುದು, ಕೋಳಿಗೂ ಮೀನಿಗೂ ಮೇವು ಮಾಡಬಹುದು. ಕೊಳೆತು ನಾರುವುದೇ ಆದಾಯವಾಗುತ್ತದೆ.

ಬಡವರ ಕಸುಬಿಗೆ ನಿಯಮವೇ ಬೇಡವೆನ್ನುವವರ ಕನಿಕರವನ್ನು ನಾವು ಒಪ್ಪಲಾರೆವು. ಆ ಹೊಗೆ ಸೇರುವುದು ಬಡವರ ಎದೆಗೇ. ಮೊದಲು ಒಲೆಗೆ ಸುಲಭ ಸಾಲ, ಹತ್ತಾರು ಘಟಕಗಳಿಗೆ ಸೇರಿ ಒಂದು ನೀರು ಶುದ್ಧೀಕರಣದ ವ್ಯವಸ್ಥೆ. ಅನಂತರ ಮೊದಲೇ ಸಾರಿದ ಗಡುವು. ಅದನ್ನು ಮೀರಿದವರಿಗೆ ದಂಡ. ಸರಕಾರ ಈ ಕ್ರಮವನ್ನು ತಪ್ಪಿಸದಿರಲಿ. ನೆರವು ನೀಡದೆ ದಂಡ ವಿಧಿಸುವುದು ಅನ್ಯಾಯ. ನೆರವು ಪಡೆದೂ ಕೆರೆಗೆ ಕೊಳಚೆ ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.