ಅಜ್ಜಿಗೆ ಬಾಯಿಪಾಠ ಬೇಡ

ಮೈಸೂರಿನ ರಾಮಕೃಷ್ಣನಗರದಲ್ಲಿ ಆಂದೋಲನ ವೃತ್ತದ ಆಚೀಚಿನ ಬೀದಿಗಳಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಬೇಕಾದಷ್ಟಿವೆ. ಮನೆಯಲ್ಲಿ ಉಳಿದವರು ನಿವೃತ್ತ ತಂದೆತಾಯಿ. 'ಈ ಸಲ ನೀವೇ ಬನ್ನಿ' ಎಂದು ಅಮೆರಿಕದಿಂದ ಫೋನ್ ಬಂದ ದಿನವೇ ವೀಸಾ ಎಂಬ ಪರೀಕ್ಷೆಯ ತಯಾರಿ ಶುರು. ಅದರಲ್ಲಿ ಸಿಕ್ಕಿಹಾಕಿಕೊಳ್ಳುವವರು ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳು, ಅಂದರೆ ನೀವು. ಹಾಗಾಗಿ ಈ ವಾರದ ಮಾತು ನಿಮಗೂ ಹೌದು, ನಿಮ್ಮ ತಂದೆತಾಯಿಗೂ ಹೌದು.

ಮೊದಲು ಕಾನೂನು ಏನೆನ್ನುತ್ತದೆ ನೋಡೋಣ. ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ವಿಧಿಯು ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲಿಯೇ ನೆಲೆಸಲು ಹೊರಟವರೆಂದು ಭಾವಿಸುತ್ತದೆ. ಹಾಗಲ್ಲ ಎಂದು ಅಧಿಕಾರಿಗೆ ಮನಗಾಣಿಸುವ ಹೊಣೆ ಅರ್ಜಿದಾರರದು. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಒಂದು ಊಹೆ ಮೊದಲೇ ಅಲ್ಲಿ ಕುಳಿತಿದೆ. ಅದನ್ನು ತಳ್ಳಿಹಾಕಲು ಪುರಾವೆ ಬೇಕು.

ಯಾರ ಪುರಾವೆ? ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಮಗನ ಸಂಬಳದ ಚೀಟಿ, ಅವನ ಮನೆಯ ಪತ್ರ, ಬ್ಯಾಂಕಿನ ಲೆಕ್ಕ, ಆಹ್ವಾನ ಪತ್ರ ಎಂದು ದಪ್ಪನೆಯ ಫೈಲು ತಯಾರಾಗುತ್ತದೆ. ಪ್ರವಾಸಿ ವೀಸಾಕ್ಕೆ ಆಹ್ವಾನ ಪತ್ರವಾಗಲಿ, ಖರ್ಚಿನ ಹೊಣೆ ಹೊರುವ ಪ್ರಮಾಣಪತ್ರವಾಗಲಿ ಬೇಕಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳಿದೆ. ಮಗ ಅಲ್ಲಿ ಸುಖವಾಗಿದ್ದಾನೆ ಎಂದು ತೋರಿಸಿದರೆ ತಾಯಿ ಇಲ್ಲಿಗೆ ಹಿಂದಿರುಗುತ್ತಾರೆ ಎಂದು ಸಾಬೀತಾಗುವುದಿಲ್ಲ ತಾನೆ? ಅಧಿಕಾರಿ ತೂಗಿ ನೋಡುವುದು ಅರ್ಜಿದಾರರ ಸ್ವಂತ ಬದುಕನ್ನು. ಇಲ್ಲಿರುವ ಮನೆ, ಬರುವ ಪಿಂಚಣಿ, ಜೊತೆಗಿರುವ ಪತಿ ಅಥವಾ ಪತ್ನಿ, ಊರಿನಲ್ಲೇ ಇರುವ ಇನ್ನೊಬ್ಬ ಮಗ, ಇವೇ ಮುಖ್ಯ.

ಎರಡನೆಯ ತೊಡಕು ನಮ್ಮ ಶಾಲೆಗಳ ಹಳೆಯ ಕಾಯಿಲೆ: ಬಾಯಿಪಾಠ. ನಮ್ಮ ಬಡಾವಣೆಯ ಹಿರಿಯ ತಾಯಿಯೊಬ್ಬರಿಗೆ ಮನೆಯವರೆಲ್ಲ ಸೇರಿ ಇಪ್ಪತ್ತು ಪ್ರಶ್ನೋತ್ತರ ಬರೆದುಕೊಟ್ಟಿದ್ದರು. ಏಕೆ ಹೋಗುತ್ತೀರಿ ಎಂದರೆ 'ನಯಾಗರಾ ಜಲಪಾತ ನೋಡಲು' ಎನ್ನಬೇಕಂತೆ. ಆಕೆಗೆ ಬೇಕಾಗಿದ್ದುದು ಮಗಳ ಕೂಸಿನ ಮುಖ. 'ಮೇಷ್ಟ್ರೇ, ನಯಾಗರಾ ಯಾವ ಊರಲ್ಲಿದೆ ಅಂತ ಕೇಳಿಬಿಟ್ಟರೆ?' ಎಂದು ಗಾಬರಿಯಿಂದ ಕೇಳಿದರು. 'ಮೊಮ್ಮಗು ಯಾವ ಊರಲ್ಲಿದೆಯಮ್ಮಾ?' ಎಂದೆ. ಊರು, ಹುಟ್ಟಿದ ದಿನ, ತೂಕ, ಕೂದಲು ಎಷ್ಟು ದಟ್ಟವಾಗಿದೆ ಎಂಬುದೆಲ್ಲ ಥಟ್ಟನೆ ಬಂತು. ಆ ಚೀಟಿ ಒಲೆಗೆ ಹಾಕಿ, ಕೇಳಿದವರಿಗೆ ಇದನ್ನೇ ಹೇಳಿ ಎಂದೆ.

ಇದು ಬರಿಯ ನೀತಿಪಾಠವಲ್ಲ. 214(ಬಿ) ಅಡಿ ವೀಸಾ ಸಿಗದಿದ್ದರೆ ಅದರ ಮೇಲೆ ಮೇಲ್ಮನವಿ ಇಲ್ಲ, ನಿಜ. ಆದರೆ ಮತ್ತೆ ಅರ್ಜಿ ಹಾಕಬಹುದು. ಕಟ್ಟಿದ ಶುಲ್ಕ ವಾಪಸು ಬರುವುದಿಲ್ಲ. ಅದು 2023ರ ಜೂನ್‌ನಲ್ಲಿ 160 ಡಾಲರಿನಿಂದ 185 ಡಾಲರಿಗೆ ಏರಿತು. ಮುಖ್ಯ ಸಂಗತಿಯನ್ನು ಬೇಕೆಂದೇ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಅದೇ ಕಾಯ್ದೆಯಂತೆ ಅಮೆರಿಕ ಪ್ರವೇಶಕ್ಕೆ ಶಾಶ್ವತ ತಡೆ ಬೀಳಬಹುದು. ಹಣ ಹೋದರೆ ಮತ್ತೆ ಹೊಂದಿಸಬಹುದು, ಮಗಳ ಮನೆಯ ಬಾಗಿಲು ಮುಚ್ಚಿಹೋದರೆ?

ಅರ್ಜಿಯ ಹೆಸರು ಡಿಎಸ್-160. ಕಂಪ್ಯೂಟರಿನಲ್ಲೇ ತುಂಬಬೇಕು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ ತುಂಬಿ. ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಅಲ್ಲಿ ನಿಮ್ಮ ಹೆಸರು ಬರೆಯಿರಿ. ಆದರೆ ಕೊನೆಯಲ್ಲಿ ಸಹಿಯ ಗುಂಡಿ ಒತ್ತಬೇಕಾದವರು ಅಜ್ಜಿಯೇ. ಹಿಂದೆ ವೀಸಾ ನಿರಾಕರಣೆಯಾಗಿದ್ದರೆ, ಹತ್ತಿರದ ಬಂಧುಗಳು ಅಲ್ಲಿದ್ದರೆ, ಮುಚ್ಚಿಡಬೇಡಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ಪೇಚು. ನಮ್ಮ ಕಡೆ ಹೆಸರಿನ ಹಿಂದೆ ಊರಿನ, ತಂದೆಯ ಇನಿಷಿಯಲ್ ಇರುತ್ತದೆಯೇ ಹೊರತು ಕುಲನಾಮವಿರುವುದು ಕಡಿಮೆ. ಪಾಸ್‌ಪೋರ್ಟಿನಲ್ಲಿ ಸಾವಿತ್ರಮ್ಮ ಎಂದಷ್ಟೇ ಇದ್ದರೆ ಅದು ಅರ್ಜಿಯಲ್ಲಿ ಕುಲನಾಮದ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿಯದು ಎಂದು ಬರುತ್ತದೆ. ವಿಮಾನದ ಟಿಕೆಟ್ ಕೊಳ್ಳುವಾಗ ಇದರಿಂದ ಗೊಂದಲವಾಗುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಅಂಕಣ ತುಂಬುವುದು ಲೇಸು. ಆ ಕೆಲಸಕ್ಕೆ ದೂರ ಹೋಗಬೇಕಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವೆಂಬ ಪ್ರಯೋಗ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರಿನಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು. ಆದರೆ ಆರಂಭದಲ್ಲಿ ಅಲ್ಲಿ ವೀಸಾ ಕೊಡುವ ಏರ್ಪಾಡಿರಲಿಲ್ಲ. ಸಂದರ್ಶನಕ್ಕೆಂದು ನಮ್ಮವರು ಬಹುಕಾಲದಿಂದ ಚೆನ್ನೈ ಹಾದಿ ಹಿಡಿದವರು.

ಇನ್ನೊಂದು ವಿಷಯ. ಹತ್ತು ವರ್ಷದ ವೀಸಾ ಸಿಕ್ಕಿತೆಂದರೆ ಹತ್ತು ವರ್ಷ ಅಲ್ಲಿರಬಹುದೆಂದಲ್ಲ. ವೀಸಾ ಎಂದರೆ ಬಾಗಿಲು ತಟ್ಟಲು ಅನುಮತಿ ಅಷ್ಟೆ. ಎಷ್ಟು ದಿನ ಇರಬಹುದೆಂದು ನಿರ್ಧರಿಸುವವರು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದನ್ನು ನೋಡಿಕೊಂಡು ಹಿಂದಿರುಗುವ ದಿನ ಗೊತ್ತುಮಾಡಿ.

ತಂದೆತಾಯಿಗಳಿಗೊಂದು ಮಾತು. ಸಂದರ್ಶನ ಮುಗಿಯುವುದು ಕೆಲವೇ ನಿಮಿಷದಲ್ಲಿ. 'ಇಲ್ಲ' ಎಂಬ ಉತ್ತರ ಬಂದರೆ ಹಿರಿಯರು ತಾವೇ ಏನೋ ತಪ್ಪು ಹೇಳಿದೆವೆಂದು ಕೊರಗುತ್ತಾರೆ, ಮಗಳಿಗೆ ಫೋನ್ ಮಾಡಲೂ ಅಳುಕುತ್ತಾರೆ. ಅದು ನಪಾಸಲ್ಲ ಎಂದು ಹೊರಡುವ ಮೊದಲೇ ಹೇಳಿ.

ಮಕ್ಕಳೇ, ನೀವು ಮಾಡಬೇಕಾದ್ದು ಇಷ್ಟು. ಉತ್ತರ ಬರೆದುಕೊಡಬೇಡಿ, ಪ್ರಶ್ನೆ ಕೇಳಿ. ಏಕೆ ಹೋಗುತ್ತೀರಿ ಅಜ್ಜಿ, ಎಷ್ಟು ದಿನ ಇರುತ್ತೀರಿ, ಯಾವಾಗ ಬರುತ್ತೀರಿ? ಅವರು ತಮ್ಮದೇ ಮಾತಿನಲ್ಲಿ ಹೇಳುವುದನ್ನು ಸುಮ್ಮನೆ ಕೇಳಿಸಿಕೊಳ್ಳಿ. ನಿಜ ಹೇಳುವವರಿಗೆ ಉತ್ತರ ಮರೆತುಹೋಗುವ ಭಯವಿರುವುದಿಲ್ಲ.